ಮಾಲೂರಿನ ಬಡಾವಣೆಗಳೂ ಯರಗೋಳಿನ ನೀರೂ

ಕೋಲಾರ, ಬಂಗಾರಪೇಟೆ, ಮಾಲೂರು ಈ ಮೂರು ಪಟ್ಟಣಗಳಿಗೂ 45 ಗ್ರಾಮಗಳಿಗೂ ಕುಡಿಯುವ ನೀರನ್ನೊದಗಿಸಲೆಂದು ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳ್ ಅಣೆಕಟ್ಟು 2023ರ ನವೆಂಬರಿನಲ್ಲಿ ಉದ್ಘಾಟಿತವಾಯಿತು. 2024ರ ಕೊನೆಗೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಕರ್ನಾಟಕದ ಭಾಗವು ಹೊಸಕೋಟೆ ಮಾಲೂರು ಸೀಮೆಗಳನ್ನು ಹಾಯ್ದು ಸಂಚಾರಕ್ಕೆ ತೆರೆಯಿತು. ಹೆದ್ದಾರಿಯು ಜನರನ್ನು ಕರೆತರುತ್ತದೆ. ಅಣೆಕಟ್ಟು ಬಂದವರ ಬಾಯಾರಿಕೆಯನ್ನು ನೀಗಬೇಕು. ಕರೆತರುವ ಕಾರ್ಯವು ನೀಗುವ ಕಾರ್ಯಕ್ಕಿಂತ ಬಹು ವೇಗದಿಂದ ಸಾಗುತ್ತಿರುವುದೇ ಇಂದು ವಿಚಾರಣೀಯವಾದ ವಿಷಯ.

ಯರಗೋಳಿನ ನೀರು ಸುಲಭವಾಗಿ ದೊರೆತುದಲ್ಲ. 1892ರಲ್ಲಿ ಮೈಸೂರು ಮದರಾಸುಗಳ ನಡುವೆ ಆದ ಒಪ್ಪಂದವನ್ನು ಮುಂದೊಡ್ಡಿ ತಮಿಳುನಾಡು ಬೇಡಿದ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟು 2019ರ ನವೆಂಬರಿನಲ್ಲಿ ನಿರಾಕರಿಸಿದ ಮೇಲೆಯೇ ನಮ್ಮ ದಾರಿ ನಿರಾತಂಕವಾಯಿತು. ಹೀಗೆ ಪಡೆದ ನೀರೆಷ್ಟು? ಜಲಾಶಯದಲ್ಲಿ ಹಿಡಿಯುವುದು ಸುಮಾರು 500 ದಶಲಕ್ಷ ಘನ ಅಡಿ, ಎಂದರೆ ಅರ್ಧ ಟಿ.ಎಂ.ಸಿ. ಒಂದು ಸಲ ತುಂಬಿದ್ದನ್ನು ವರ್ಷಕ್ಕೆ ಹಂಚಿದರೆ ದಿನಕ್ಕೆ 3 ಕೋಟಿ 90 ಲಕ್ಷ ಲೀಟರು. ಬಿಸಿಲಿಗೆ ಆರುವುದನ್ನೂ ಕೊಳವೆಯಲ್ಲಿ ಸೋರುವುದನ್ನೂ ಇದರಲ್ಲಿ ಕಳೆದಿಲ್ಲ. 2011ರ ಜನಗಣತಿಯಂತೆ ಮೂರು ಪಟ್ಟಣಗಳ ಜನ ಸುಮಾರು 2 ಲಕ್ಷ 20 ಸಾವಿರ. ಒಳಚರಂಡಿಯುಳ್ಳ ಊರಿಗೆ ತಲೆಗೆ 135 ಲೀಟರೆಂಬ ಮಾನದಂಡವನ್ನು ಹಿಡಿದರೆ ದಿನಕ್ಕೆ 3 ಕೋಟಿ ಲೀಟರು ಬೇಕು. ಜನಸಂಖ್ಯೆ ನೂರಕ್ಕೆ 30ರಷ್ಟು ಏರಿತೆಂದರೆ, ಗ್ರಾಮಗಳಿಗೆ ಒಂದು ಕೊಡವನ್ನೂ ಕೊಡದೆಯೇ, ಲೆಕ್ಕ ಮುಗಿದುಹೋಯಿತು. 2011ರಿಂದ ಈಚೆಗೆ ಮಾಲೂರು ಎಷ್ಟು ಬೆಳೆದಿದೆಯೆಂಬುದನ್ನು ಊರಿನ ಸುತ್ತ ಒಂದು ಗಳಿಗೆ ತಿರುಗಿದವರಿಗೆ ನಾವು ಹೇಳಬೇಕಾಗಿಲ್ಲ.

ಬೇರೆ ನೀರುಗಳು ಬರುತ್ತವೆಂದು ಕೆಲವರು ಸಮಾಧಾನ ಹೇಳುವರು. ಕೆ.ಸಿ. ವ್ಯಾಲಿಯ ಮೂಲಕ 2018ರಿಂದ ಕೋಲಾರದ ಕೆರೆಗಳಿಗೆ ಹರಿದುಬಂದುದು ಬೆಂಗಳೂರು ಬಳಸಿ ಬಿಟ್ಟ, ಎರಡು ಹಂತದ ಶುದ್ಧಿಯನ್ನು ಕಂಡ ನೀರು. ಅದು ಅಂತರ್ಜಲಕ್ಕೆಂದು ಬಂದುದೇ ಹೊರತು ಕುಡಿಯಲಿಕ್ಕಲ್ಲ. ಎತ್ತಿನಹೊಳೆಯ ಮೊದಲ ಹಂತವು 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಬಳಿ ಉದ್ಘಾಟಿತವಾಯಿತೆಂಬುದು ನಿಜ. ಆ ನೀರನ್ನು ನಂಬಿ ಇಂದೇ ಮಾಲೂರಿನಲ್ಲಿ ನಿವೇಶನಗಳನ್ನು ಮಾರುವುದು ವಿವೇಕವಲ್ಲ. ಇನ್ನು ಕೊಳವೆಬಾವಿಗಳ ಮಾತು. ಸಾವಿರ ಅಡಿಗೂ ಮೀರಿ ಕೊರೆದು, ಫ್ಲೋರೈಡು ಬೆರೆತ ನೀರನ್ನು ಮೇಲೆತ್ತುವ ಜಿಲ್ಲೆಯಲ್ಲಿ ಅದನ್ನು ಜಲಮೂಲವೆಂದು ಕರೆಯಲು ನಮಗೆ ನಾಲಗೆ ಬಾರದು.

ಆದುದರಿಂದ ಇರುವ ನೀರನ್ನು ಮನೆಮನೆಗೆ ತಲುಪಿಸುವ ಕ್ರಮವೇ ಮುಖ್ಯವಾಗುತ್ತದೆ. ಇಂದಿನ ಪದ್ಧತಿ ಹೇಗಿದೆ? ಹೊಲವೊಂದು ಕೈಬದಲಾಗುತ್ತದೆ, ಕಲ್ಲು ನೆಟ್ಟು ಮೂವತ್ತಡಿಯ ರಸ್ತೆಯನ್ನು ಬಿಡುತ್ತಾರೆ, ಅದು ಪಕ್ಕದ ಹೊಲದ ಬೇಲಿಗೆ ಹೋಗಿ ಮುಟ್ಟಿ ನಿಲ್ಲುತ್ತದೆ. ರಸ್ತೆ ಮುಗಿದಲ್ಲಿ ಕೊಳಾಯಿಯೂ ಮುಗಿಯುತ್ತದೆ. ಹೀಗೆ ಮೊಂಡಾಗಿ ನಿಂತ ಕೊಳವೆಯ ತುದಿಯಲ್ಲಿ ನೀರು ಹಳಸುತ್ತದೆ, ಒತ್ತಡ ಕುಗ್ಗುತ್ತದೆ. ವಾರಕ್ಕೊಮ್ಮೆ ನೀರು ಬಿಟ್ಟು ಉಳಿದ ದಿನ ಬರಿದಾಗಿಟ್ಟ ಕೊಳವೆಯು ಸಂದಿಗಳಲ್ಲಿ ಹೊರಗಿನ ಕೊಳೆಯನ್ನು ಒಳಕ್ಕೆಳೆದುಕೊಳ್ಳುತ್ತದೆ; ಪಕ್ಕದಲ್ಲಿಯೇ ಚರಂಡಿ ಹರಿಯುತ್ತಿದ್ದರೆ ಮುಂದಿನದನ್ನು ವೈದ್ಯರು ಬಲ್ಲರು. ಬೀದಿಯ ಕೊಳವೆಗಳು ಒಂದಕ್ಕೊಂದು ಕೂಡಿ ಬಳಸಿ ಬಂದರೆ ಮಾತ್ರ ನೀರು ಎರಡು ಕಡೆಯಿಂದ ಸಮವಾಗಿ ಏರುವುದು. ಬೀದಿಗಳೇ ಕೂಡದಿದ್ದಲ್ಲಿ ಕೊಳವೆಗಳು ಕೂಡುವ ಬಗೆ ಯಾವುದು? ರಸ್ತೆಯ ನಕ್ಷೆಯೂ ನೀರಿನ ನಕ್ಷೆಯೂ ಒಂದೇ ಹಾಳೆಯ ಮೇಲೆ ಇರಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ. ಟಾರು ಹಾಕಿದ ಮೇಲೆ ಅಗೆಯುವ ವಿನೋದವನ್ನಂತೂ ತೆರಿಗೆದಾರರು ಸಾಕಷ್ಟು ನೋಡಿದ್ದಾರೆ.

ಇದು ನಮ್ಮ ನಾಡಿಗೆ ಹೊಸ ವಿದ್ಯೆಯಲ್ಲ. 1898ರ ಪ್ಲೇಗಿನ ಬಳಿಕ ಬೆಂಗಳೂರಿನಲ್ಲಿ ಮಲ್ಲೇಶ್ವರ ಬಸವನಗುಡಿಗಳನ್ನು ನಿರ್ಮಿಸಿದಾಗ ಅಗಲವಾದ ಬೀದಿಗಳನ್ನೂ ಮನೆಗಳ ಹಿಂದೆ ಕಸ ಸಾಗಿಸುವ ಓಣಿಗಳನ್ನೂ ಮೊದಲೇ ಗುರುತಿಸಿ ಅನಂತರ ಜನರನ್ನು ಕರೆದರು. ಚಿನ್ನದ ಗಣಿಗಳನ್ನು ನಡೆಸಿದ ಪರದೇಶದ ಕಂಪೆನಿಗಳ ಕಾಲದಲ್ಲಿಯೂ ಗಣಿಯೂರಿಗೆ ಬೇತಮಂಗಲದ ಕೆರೆಯಿಂದ ನೀರು ಬರುವ ವ್ಯವಸ್ಥೆಯಾಯಿತು. ಲಾಭಕ್ಕಾಗಿ ಬಂದವರ ಊರಿಗೆ ದೊರೆತ ಮುನ್ನೆಣಿಕೆಯು ಸ್ವರಾಜ್ಯದಲ್ಲಿ ಹುಟ್ಟಿದ ಪೌರಸಂಸ್ಥೆಗಳ ಊರಿಗೆ ದೊರೆಯದಿರುವುದು ನಾಚಿಕೆಯ ಸಂಗತಿ. 1992ರ 74ನೆಯ ತಿದ್ದುಪಡಿಯು ನಗರಯೋಜನೆ, ರಸ್ತೆ, ನೀರು ಮೂರನ್ನೂ ಪೌರಸಂಸ್ಥೆಗಳ ಕಾರ್ಯಗಳ ಪಟ್ಟಿಗೆ ಸೇರಿಸಿತು. ಆದರೆ ಬಡಾವಣೆಗೆ ಒಪ್ಪಿಗೆ ಒಂದೆಡೆ, ನೀರಿನ ಮಂಡಳಿ ಒಂದೆಡೆ, ಹೆದ್ದಾರಿಯ ಅಧಿಕಾರಿಗಳು ದೆಹಲಿಯ ಕಡೆ. ಊರವರು ಆರಿಸಿದ ಸದಸ್ಯರಿಗೆ ಉಳಿದುದು ಟ್ಯಾಂಕರುಗಳ ಬಾಡಿಗೆಯ ಲೆಕ್ಕ!

ಮಾಲೂರಿನ ಮಣ್ಣು ಹೆಂಚಾಗಿ ನಾಡಿನ ಎಷ್ಟೋ ಮನೆಗಳ ಮೇಲೇರಿದೆ. ಈಗ ಆ ಊರಿನ ಹೊಲಗಳೇ ಮನೆಗಳಾಗುತ್ತಿವೆ. ಬೆಂಗಳೂರಿನ ಬಾಡಿಗೆಗೆ ಅಂಜಿ, ಜೀವಮಾನದ ಉಳಿತಾಯವನ್ನು ಸುರಿದು ಅಲ್ಲಿ ಮೂವತ್ತು ನಲವತ್ತರ ನಿವೇಶನವನ್ನು ಕೊಂಡ ಗುಮಾಸ್ತನಿಗೂ ಕಾರ್ಖಾನೆಯ ಕಾರ್ಮಿಕನಿಗೂ ಮಾರಿದವನು ನೀರಿನ ಮಾತನ್ನು ಬಾಯಲ್ಲಿ ಹೇಳಿರುತ್ತಾನೆ, ಕಾಗದದಲ್ಲಿ ಬರೆದಿರುವುದಿಲ್ಲ. ಮುಖ್ಯ ಕೊಳವೆಯೂ ಒಳಚರಂಡಿಯೂ ಬಡಾವಣೆಯ ಅಂಚಿಗೆ ಬಂದಿವೆಯೆಂದು ಇಂಜಿನಿಯರು ಸಹಿ ಮಾಡುವ ತನಕ ನಿವೇಶನಗಳ ನೋಂದಣಿಗೆ ಅವಕಾಶವಿರಬಾರದು. ಮುಂದಿನ ಮೂವತ್ತು ವರ್ಷಗಳ ರಸ್ತೆ ಕೊಳವೆಗಳನ್ನು ತೋರಿಸುವ ಒಂದೇ ನಕ್ಷೆಯನ್ನು ಸರ್ಕಾರದವರು ಕನ್ನಡದಲ್ಲಿ ಅಚ್ಚುಹಾಕಿಸಿ, ಬರುವ ಬೇಸಗೆಗೆ ಮೊದಲೇ ಪೌರಕಚೇರಿಯ ಹೊರಗೋಡೆಗೆ ತೂಗುಹಾಕಿಸಲಿ. ಕೊಳ್ಳುವವನು ಹಣ ಎಣಿಸುವ ಮುನ್ನ ಅದರಲ್ಲಿ ತನ್ನ ಬೀದಿಯನ್ನು ಹುಡುಕಿಕೊಳ್ಳಲಿ.