ಸಹಿ ಬಂತು, ಓದು?

ಹೇಮಾವತಿ ಹುಟ್ಟುವ ಜಾವಳಿಯ ಆಸುಪಾಸಿನ ಕಾಫಿ ತೋಟಗಳಲ್ಲಿ ಬಹಳ ಕಾಲ ಸಾಕ್ಷರತೆಯ ಲೆಕ್ಕ ಸಿಗುತ್ತಿದ್ದುದು ಬಟವಾಡೆಯ ದಿನ. ತೋಟದ ರೈಟರು ಕೂಲಿ ಲೆಕ್ಕದ ಚೆಕ್‌ರೋಲ್ ಬಿಚ್ಚಿ ಹೆಸರು ಕೂಗಿದಾಗ ಹೆಬ್ಬೆಟ್ಟು ಒತ್ತುವವರು ಯಾರು, ಸಹಿ ಹಾಕುವವರು ಯಾರು ಎಂಬುದು ಎಲ್ಲರ ಕಣ್ಣೆದುರೇ ತಿಳಿಯುತ್ತಿತ್ತು.

ಸರ್ಕಾರದ ಅಳತೆ ಇದಕ್ಕಿಂತ ಬಿಗಿ. ಏಳು ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲರಾದರೆ ಜನಗಣತಿಯಲ್ಲಿ ಸಾಕ್ಷರರು. ಈ ಏಳರ ಗೆರೆ 1991ರಲ್ಲಿ ಎಳೆದದ್ದು, ಮೊದಲು ಐದಿತ್ತು. ಆ ವರ್ಷ ಶೇ 56.04 ಇದ್ದ ಕರ್ನಾಟಕದ ಸಾಕ್ಷರತೆ 2011ರಲ್ಲಿ 75.36ಕ್ಕೆ ಏರಿತು. ನಮ್ಮ ಚಿಕ್ಕಮಗಳೂರು ಜಿಲ್ಲೆಯದು 79.25. ಹಿಗ್ಗಬೇಕಾದ ಏರಿಕೆಯೇ. ಆದರೆ ಗಣತಿಗೆ ಬಂದ ಮೇಷ್ಟ್ರು ಯಾರ ಕೈಗೂ ಪುಸ್ತಕ ಕೊಟ್ಟು ಓದಿಸುವುದಿಲ್ಲ. ಮನೆಯವರು ಹೇಳಿದ್ದೇ ದಾಖಲೆ. 2021ರ ಗಣತಿ ನಡೆಯಲೇ ಇಲ್ಲವಾದ್ದರಿಂದ ಭಾಷಣಗಳಲ್ಲಿ ಇಂದಿಗೂ 2011ರ ಹಳೆಯ ಅಂಕಿಯದೇ ಜಪ.

1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್, ಬೆನ್ನಿಗೇ ಬಂದ ಕಲಾಜಾಥಾಗಳು, ರಾತ್ರಿ ತರಗತಿಗಳು ಜನರಲ್ಲಿ ಕಲಿಯುವ ಹುರುಪು ತುಂಬಿದ್ದು ಸುಳ್ಳಲ್ಲ. ಸಹಿ ಕಲಿತವರಿಗೆ ಮುಂದೆ ಓದಲು ಏನು ಕೊಡಬೇಕೆಂಬ ಯೋಚನೆ ಮಾತ್ರ ಆಂದೋಲನದ ಹುರುಪಿನಷ್ಟು ಗಟ್ಟಿಯಾಗಿರಲಿಲ್ಲ. ಅದಕ್ಕೂ ಹಿಂದೆ, 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಕೂಲಿಯವರ ಮಕ್ಕಳು 25 ಮೀರಿದ ತೋಟಗಳಲ್ಲಿ ಓದಿನ ಸೌಕರ್ಯ ಮಾಡಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿತ್ತು. ಆದರೆ ನಮ್ಮಲ್ಲಿ ಸಣ್ಣ ಹಿಡುವಳಿಗಳೇ ಹೆಚ್ಚು. ನಾಲ್ಕಾರು ಆಳು ಇಟ್ಟುಕೊಂಡು ನಡೆಸುವ ತೋಟ ಆ ಕಾಯ್ದೆಯ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಈಗ ಕೂಲಿಯವರ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರೂ ಇದ್ದಾರೆ. ತನ್ನೂರಲ್ಲಿ ತನ್ನ ಭಾಷೆಯ ನಾಲ್ಕಕ್ಷರ ಕಲಿತು ಬಂದವನು ಗಣತಿಯ ಪಾಲಿಗೆ ಸಾಕ್ಷರ. ಮೂಡಿಗೆರೆಯ ಬ್ಯಾಂಕಿನಲ್ಲಿ ಚಲನ್ ಹಿಡಿದು ನಿಂತರೆ ನಿರಕ್ಷರಿ. ಅಚ್ಚಗನ್ನಡದ ಹೆಂಗಸಿನ ಪಾಡೂ ಕೆಲವೊಮ್ಮೆ ಬೇರೆಯಲ್ಲ. ಸಹಿ ಚೆನ್ನಾಗಿಯೇ ಹಾಕುತ್ತಾಳೆ. ಮುಂಗಡದ ಲೆಕ್ಕದಲ್ಲಿ ಎಷ್ಟು ಮುರಿದುಕೊಂಡರು, ಔಷಧಿ ಡಬ್ಬಿಯ ಮೇಲೆ ಏನು ಎಚ್ಚರಿಕೆ ಇದೆ ಎಂಬುದನ್ನು ಇನ್ನೊಬ್ಬರು ಓದಿ ಹೇಳಬೇಕು. ಇವರಿಬ್ಬರನ್ನೂ ಸಾಕ್ಷರರ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುವುದನ್ನು ನಾವು ಒಪ್ಪಲಾರೆವು.

ಕೇಂದ್ರದ ಹೊಸ ‘ಉಲ್ಲಾಸ್’ ಯೋಜನೆ (2022–27) ಓದು ಬರಹದ ಜೊತೆಗೆ ಹಣಕಾಸಿನ ತಿಳಿವಳಿಕೆ, ಮೊಬೈಲ್ ಬಳಕೆಯನ್ನೂ ಸೇರಿಸಿಕೊಂಡಿದೆ. ಅದರ ಲೆಕ್ಕದಲ್ಲಿ ಸಾಕ್ಷರತೆ ಶೇ 95 ಮುಟ್ಟಿದ ರಾಜ್ಯ ಪೂರ್ಣ ಸಾಕ್ಷರ. 2025ರಲ್ಲಿ ಮಿಜೋರಾಂ ಆ ಘೋಷಣೆ ಮಾಡಿಕೊಂಡಿತು. ನಮಗೆ ಘೋಷಣೆಯ ಅವಸರ ಬೇಡ. ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳು ತೋಟದ ಕೆಲಸ ಬಿಟ್ಟ ಮೇಲೂ ಒಂದು ಗಂಟೆ ತೆರೆದಿರಲಿ, ಕಪಾಟಿನಲ್ಲಿ ಅಸ್ಸಾಮಿ, ತಮಿಳು ಪುಸ್ತಕಗಳೂ ನಾಲ್ಕಿರಲಿ.