ಮೊದಲು ಕಾರ್ಮಿಕರ ಜೊತೆ ಮಾತಾಡಿ

2023ರ ಮಾರ್ಚ್ ಮೊದಲ ವಾರ. ತಮಿಳುನಾಡಿನಲ್ಲಿ ಬಿಹಾರಿ ಕಾರ್ಮಿಕರನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದಾರೆ ಎಂಬ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹಬ್ಬಿದವು. ಬಿಹಾರದ ವಿಧಾನಸಭೆಯಲ್ಲಿ ಗದ್ದಲವೆದ್ದಿತು. ಹೋಳಿ ಹತ್ತಿರವಿತ್ತು. ಗಂಟುಮೂಟೆ ಕಟ್ಟಿ ಹೊರಟವರಲ್ಲಿ ಹಬ್ಬಕ್ಕೆ ಹೋಗುವವರು ಯಾರು, ಜೀವಭಯದಿಂದ ಓಡುವವರು ಯಾರು ಎಂದು ಹೇಳುವುದೇ ಕಷ್ಟವಾಯಿತು. ತಿರುಪ್ಪೂರಿನ ಬನಿಯನ್ ಕಂಪನಿಗಳಿಂದ ಹಿಡಿದು ಕೊಯಮತ್ತೂರಿನಲ್ಲಿ ಪೋತ್ತನೂರಿನ ಪಕ್ಕದ ಕುರಿಚಿ ಕೈಗಾರಿಕಾ ವಸಾಹತಿನವರೆಗೆ ಈ ಸೀಮೆಯ ದುಡಿಮೆ ನಿಂತಿರುವುದೇ ಹೀಗೆ ದೂರದಿಂದ ರೈಲು ಹತ್ತಿ ಬಂದವರ ಮೇಲೆ.

ವಿಡಿಯೊಗಳು ಸುಳ್ಳಾಗಿದ್ದವು. ತಮಿಳುನಾಡಿನ ಆಗಿನ ಡಿಜಿಪಿ ಶೈಲೇಂದ್ರ ಬಾಬು ಅವುಗಳಲ್ಲಿ ಎರಡರ ಮೂಲವನ್ನು ಬಿಡಿಸಿ ಹೇಳಿದರು: ಒಂದು ತಿರುಪ್ಪೂರಿನಲ್ಲಿ ಬಿಹಾರಿ ಕಾರ್ಮಿಕರ ಎರಡು ಗುಂಪುಗಳ ಹೊಡೆದಾಟ, ಇನ್ನೊಂದು ಕೊಯಮತ್ತೂರಿನ ಸ್ಥಳೀಯರದೇ ಜಗಳ. ಆದರೂ ಭಯ ಕೂಡಲೇ ಇಳಿಯಲಿಲ್ಲ. ಪೊಲೀಸರು ಹಿಂದಿಯಲ್ಲಿ ಮನವಿ ಮಾಡಿದರು, ಸಹಾಯವಾಣಿ ತೆರೆದರು, ಕಾರ್ಖಾನೆಗಳಿಗೆ ಹೋಗಿ ಕಾರ್ಮಿಕರನ್ನು ಕಂಡರು. ಬಿಹಾರದ ಅಧಿಕಾರಿಗಳ ತಂಡ ಬಂದು ತಮ್ಮವರನ್ನೇ ಕೇಳಿ ತಿಳಿಯಿತು. ತಮಿಳುನಾಡಿನ ಆಗಿನ ಮುಖ್ಯಮಂತ್ರಿ ಸ್ಟಾಲಿನ್ ತಿರುನೆಲ್ವೇಲಿ ಜಿಲ್ಲೆಯ ಕಾರ್ಖಾನೆಯೊಂದರಲ್ಲಿ ಕಾರ್ಮಿಕರೊಡನೆ ಕೂತು ಮಾತಾಡಿದರು.

ಸಾರ್ವಜನಿಕ ಸಂಪರ್ಕ (ಪಿ.ಆರ್.) ಕ್ಷೇತ್ರದ ಹೊಸ ಒಲವುಗಳ ಮಾತು ಬಂದಾಗಲೆಲ್ಲ ಇನ್‌ಫ್ಲುಯೆನ್ಸರ್‌ಗಳು, ರೀಲ್ಸ್, ಎ.ಐ. ಬರೆದುಕೊಡುವ ಪ್ರಕಟಣೆಗಳ ಚರ್ಚೆಯೇ ಹೆಚ್ಚು. ನನಗೆ ಅವೆಲ್ಲಕ್ಕಿಂತ ತಿರುಪ್ಪೂರಿನ ಆ ವಾರ ದೊಡ್ಡದಾಗಿ ಕಾಣುತ್ತದೆ. ಪತ್ರಿಕೆಗೆ ಹೇಳಿಕೆ ಕೊಟ್ಟರೆ ಕೆಲಸ ಮುಗಿಯಿತು ಎನ್ನುವ ಕಾಲ ಅಲ್ಲಿಗೆ ತೀರಿತು. ಊರಿನಲ್ಲಿರುವ ತಾಯಿ ಮಗನಿಗೆ ಫೋನ್ ಮಾಡಿ "ಬಂದುಬಿಡು" ಎಂದು ಅಳುವಾಗ ಯಾವ ಪತ್ರಿಕಾಗೋಷ್ಠಿ ತಾನೇ ಅವಳನ್ನು ಮುಟ್ಟೀತು?

ಮಾತಾಡಲು ತಿರುಪ್ಪೂರಿಗೆ ಬಾರದು ಎಂದೇನೂ ಅಲ್ಲ. ಬಣ್ಣಗಾರಿಕೆಯ ಕೊಳಚೆಯಿಂದ ನೊಯ್ಯಲ್ ನದಿ ಕೆಟ್ಟು, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಆಮೇಲೆ ಒಂದು ಹನಿ ಕೊಳಚೆಯನ್ನೂ ಹೊರಬಿಡದೆ ನೀರನ್ನು ಶುದ್ಧೀಕರಿಸಿ ಮರುಬಳಸುವ ವ್ಯವಸ್ಥೆಗೆ ಊರು ಹೊರಳಿತು. ಇವತ್ತು ಯುರೋಪು, ಅಮೆರಿಕದ ಖರೀದಿದಾರರ ಮುಂದೆ ಅಲ್ಲಿನ ರಫ್ತುದಾರರು ಹೆಮ್ಮೆಯಿಂದ ಹೇಳಿಕೊಳ್ಳುವುದು ಅದನ್ನೇ. ಹೇಳಿಕೊಳ್ಳಲಿ, ಆ ಮಾತಿನ ಹಿಂದೆ ಕೆಲಸವಿದೆ. ಆದರೆ ಸಾವಿರಾರು ಮೈಲಿ ದೂರದ ಗಿರಾಕಿಗಾಗಿ ಇಷ್ಟು ಅಚ್ಚುಕಟ್ಟಾಗಿ ಸಜ್ಜಾದ ಉದ್ಯಮಕ್ಕೆ, ಹೊಲಿಗೆ ಯಂತ್ರದ ಮುಂದೆ ಕೂತವನಿಗೆ ಅವನ ಭಾಷೆಯಲ್ಲೇ ಧೈರ್ಯ ಹೇಳುವ ನೆನಪಾದದ್ದು ಅವನು ರೈಲು ನಿಲ್ದಾಣಕ್ಕೆ ಹೊರಟ ಮೇಲೆ. ಹಲವು ತಲೆಮಾರುಗಳ ಹಿಂದೆ ಬಂದ ದೇವಾಂಗ ನೇಕಾರರು ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತ ಬಾಳಿರುವ ಸೀಮೆ ಅದು. ಹೊರಗಿನಿಂದ ಬಂದವರ ಮಾತು ಅಲ್ಲಿ ಹೊಸದಲ್ಲ.

ವದಂತಿ ಹುಟ್ಟಿಸುವ ಇಂಥ ಭಯವನ್ನು ನಾವೂ ಕಂಡವರೇ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು, ಸಗಟು ಎಸ್‌ಎಂಎಸ್‌ಗೆ ಕೇಂದ್ರ ಸರ್ಕಾರ ಕಡಿವಾಣ ಹಾಕಿತು. ಆಗ ಬರೀ ಅಕ್ಷರಗಳೇ ಇಷ್ಟು ಹೆದರಿಸಿದ್ದವು. ಈಗ ಮುಖ, ದನಿ ಎರಡನ್ನೂ ನಕಲು ಮಾಡುವ ಎ.ಐ. ಎಲ್ಲರ ಕೈಗೂ ಬಂದಿದೆ.

ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರದ ಉದ್ಯಮಿಗಳಲ್ಲಿ, ಅವರಿಗೆ ಪಿ.ಆರ್. ಸಲಹೆ ಕೊಡುವವರಲ್ಲಿ ನನ್ನ ಕೋರಿಕೆ ಇಷ್ಟೆ. ಹಿಂದಿ, ಒಡಿಯಾ, ಬಂಗಾಳಿ ಬಲ್ಲ ಒಬ್ಬರನ್ನು ಕಾರ್ಮಿಕರ ನಡುವಿನಿಂದಲೇ ಆರಿಸಿ, ಸಂಬಳ ಕೊಟ್ಟು ಸಂಪರ್ಕದ ಕೆಲಸಕ್ಕೆ ಇಟ್ಟುಕೊಳ್ಳಿ. ವದಂತಿ ಇಲ್ಲದ ದಿನಗಳಲ್ಲೇ ಅವರು ಕೋಣೆ ಕೋಣೆಗೆ ಹೋಗಿ ಬರುತ್ತಿರಲಿ.