ಸೋರುವ ಟ್ಯಾಂಕು, ಅಗ್ಗದ ಬೆಸುಗೆ

ಬ್ಯಾಡಗಿಗೆ ಹೋಗುವ ರಸ್ತೆ ಪುಣೆ–ಬೆಂಗಳೂರು ಹೆದ್ದಾರಿಯಿಂದ ಕವಲೊಡೆಯುವುದು ಮೋಟೆಬೆನ್ನೂರಿನಲ್ಲಿ. ಸುಗ್ಗಿಯ ದಿನಗಳಲ್ಲಿ ಇಲ್ಲಿ ಕಾರಿನ ಗಾಜು ಇಳಿಸಿದರೆ ಮೆಣಸಿನಕಾಯಿ ಚೀಲ ಹೇರಿದ ಲಾರಿಗಳ ಘಾಟು ಮೂಗಿಗೆ ಬಡಿಯುತ್ತದೆ. ಇತ್ತೀಚೆಗೆ ಬೆಂಗಳೂರಿನಿಂದ ಧಾರವಾಡಕ್ಕೆ ಹೊರಟಿದ್ದ ನನ್ನ ಮೂಗಿಗೆ ಬಡಿದದ್ದು ಮಾತ್ರ ಪೆಟ್ರೋಲಿನ ವಾಸನೆ. ಕಾರು 2003ರದು. ಸೇವೆಯಲ್ಲಿದ್ದಾಗ ಸಾಲ ಮಾಡಿ ಕೊಂಡದ್ದು. ನಿವೃತ್ತಿಯ ನಂತರವೂ ಬಿಡಲು ಮನಸ್ಸಾಗಿಲ್ಲ. ಬದಿಗೆ ನಿಲ್ಲಿಸಿ ಬಗ್ಗಿ ನೋಡಿದರೆ ಟ್ಯಾಂಕಿನ ಎರಡು ತಗಡುಗಳು ಕೂಡುವ ಅಂಚಿನಿಂದ ಪೆಟ್ರೋಲ್ ಹನಿಹನಿಯಾಗಿ ಜಿನುಗುತ್ತಿತ್ತು.

ಹತ್ತಿರದ ಗ್ಯಾರೇಜಿನಲ್ಲಿದ್ದ ಹುಡುಗನಿಗೆ ಹೆಚ್ಚೆಂದರೆ ಹತ್ತೊಂಬತ್ತು ವರ್ಷ. "ಚಿಂತಿ ಮಾಡಬ್ಯಾಡ್ರಿ ಸರ, ಟ್ಯಾಂಕ್ ಬಿಚ್ಚಿ ಪೆಟ್ರೋಲ್ ಸುರುವಿ ಒಂದ್ ಗ್ಯಾಸ್ ವೆಲ್ಡಿಂಗ್ ಹೊಡದ್ರ ಆತು. ಅರ್ಧ ತಾಸಿನ ಕೆಲಸ" ಎಂದ. ಕೇಳಿದ್ದು ಐನೂರು ರೂಪಾಯಿ. ನಾನು ಒಪ್ಪಿದೆ. ಟ್ಯಾಂಕು ಇಳಿಯಿತು, ಪೆಟ್ರೋಲು ಬಾಯಿ ತೆರೆದ ಬಕೆಟ್ಟಿಗೆ ಬಿತ್ತು, ಗ್ಯಾಸಿನ ಸಿಲಿಂಡರ್ ಉರುಳಿ ಬಂತು. ಅಷ್ಟರಲ್ಲಿ ಊಟಕ್ಕೆ ಹೋಗಿದ್ದ ಹಿರಿಯ ಮಿಸ್ತ್ರಿ ಬಂದವರು ದೂರದಿಂದಲೇ ಕೂಗಿದರು: "ಖಾಲಿ ಟ್ಯಾಂಕಿಗೆ ಬೆಂಕಿ ತೋರಸಬ್ಯಾಡೋ ತಮ್ಮಾ! ತುಂಬಿದ್ದಕ್ಕಿಂತ ಖಾಲಿದ್ದ ಕೆಟ್ಟದ್ದು." ಅವರ ಬಲಗೈ ಮೊಣಕೈಯವರೆಗೆ ಸುಟ್ಟ ಕಲೆಯಿಂದ ಸುಕ್ಕುಗಟ್ಟಿತ್ತು. ಅದು ಹೇಗಾಯಿತೆಂದು ಕೇಳುವ ಅಗತ್ಯ ಬೀಳಲಿಲ್ಲ.

ಮಿಸ್ತ್ರಿಯ ಮಾತು ವಿಜ್ಞಾನಕ್ಕೆ ಸಮ್ಮತವಾದದ್ದೇ. ಉರಿಯುವುದು ದ್ರವರೂಪದ ಪೆಟ್ರೋಲ್ ಅಲ್ಲ, ಅದರ ಆವಿ. ಶೂನ್ಯಕ್ಕಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳಬಲ್ಲಷ್ಟು ಆವಿಯನ್ನು ಬಿಡುತ್ತದೆ. ಗಾಳಿಯಲ್ಲಿ ಈ ಆವಿಯ ಪ್ರಮಾಣ ಸುಮಾರು ಶೇ 1.4ರಿಂದ 7.6ರ ನಡುವೆ ಇದ್ದಾಗ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿನೊಳಗೆ ಆವಿ ದಟ್ಟವಾಗಿದ್ದು, ಉರಿಯಲು ಬೇಕಾದ ಗಾಳಿಗೆ ಎಡೆ ಕಡಿಮೆ. ಖಾಲಿ ಮಾಡಿದ ಟ್ಯಾಂಕಿನಲ್ಲಾದರೋ ತಳದಲ್ಲಿ ಉಳಿದ ಒಂದೆರಡು ಚಮಚ ಪೆಟ್ರೋಲ್ ಗಾಳಿಯೊಡನೆ ಬೆರೆತು ಬಾಂಬಿನ ಹದಕ್ಕೆ ಬಂದಿರುತ್ತದೆ. ನೀರಿನಲ್ಲಿ ತೊಳೆದರೂ ತುಕ್ಕಿನ ಪದರದೊಳಗೆ, ಜೋಡಣೆಯ ಸಂದಿಯಲ್ಲಿ ಅಡಗಿದ ಪೆಟ್ರೋಲ್ ಬೆಂಕಿಯ ಕಾವಿಗೆ ಮತ್ತೆ ಆವಿಯಾಗುತ್ತದೆ. ಈ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಬೀಡಿಯ ಕಿಡಿಯನ್ನೂ ತಲುಪಬಲ್ಲದು.

ಸೇವಾವಧಿಯಲ್ಲಿ ಸುರಕ್ಷತೆಯ ಬಗ್ಗೆ ಎಷ್ಟೋ ಕಡತಗಳಿಗೆ ಷರಾ ಬರೆದವನು ನಾನು. ಆದರೂ ಐನೂರು ರೂಪಾಯಿಗೆ ಒಬ್ಬ ಹುಡುಗನ ಪ್ರಾಣವನ್ನು ಪಣಕ್ಕಿಡಲು ಅರೆಕ್ಷಣವೂ ಯೋಚಿಸದೆ ತಲೆಯಾಡಿಸಿದ್ದೆ. ನಾನು ಓದಿದ ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ: ಬಾಹ್ಯ ವೆಚ್ಚ. ಕೊಳ್ಳುವವನೂ ಮಾರುವವನೂ ಲೆಕ್ಕಕ್ಕೆ ಹಿಡಿಯದ, ಮೂರನೆಯವನ ತಲೆಯ ಮೇಲೆ ಬೀಳುವ ವೆಚ್ಚ. ಹೆದ್ದಾರಿ ಬದಿಯ ಬೆಸುಗೆ ಅಗ್ಗವಾಗಿರುವುದು ಕೌಶಲದಿಂದಲ್ಲ, ಅಪಾಯದ ಬೆಲೆಯನ್ನು ಬಿಲ್ಲಿನಲ್ಲಿ ಬರೆಯದಿರುವುದರಿಂದ.

ಹಾಗಾದರೆ ಸೋರುವ ಟ್ಯಾಂಕನ್ನು ದುರಸ್ತಿ ಮಾಡಿಸಬೇಕೇ, ಬದಲಾಯಿಸಬೇಕೇ? ಮಿಸ್ತ್ರಿಯಿಂದ ಕಲಿತದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುವುದಾದರೆ, ಮೊದಲು ವಾಹನವನ್ನು ಬಯಲಿನಲ್ಲಿ ನಿಲ್ಲಿಸಿ ಬ್ಯಾಟರಿಯ ತಂತಿ ಕಳಚಬೇಕು. ತೂತಿಗೆ ಬಟ್ಟೆ ಸೋಪನ್ನು ಒತ್ತುವುದು ಚಾಲಕರ ಹಳೆಯ ಉಪಾಯ. ಸೋಪು ಪೆಟ್ರೋಲಿನಲ್ಲಿ ಬೇಗ ಕರಗದು. ಆದರೆ ಅದು ಹನಿ ನಿಲ್ಲಿಸಲಷ್ಟೇ, ಪ್ರಯಾಣ ಮುಂದುವರಿಸಲು ಅಲ್ಲ. ಕಲ್ಲು ತಾಗಿ ಗಟ್ಟಿ ತಗಡಿನಲ್ಲಿ ಸೂಜಿ ಮೊನೆಯಷ್ಟು ತೂತಾಗಿದ್ದರೆ ಬೆಂಕಿಯಿಲ್ಲದೆಯೇ, ಪೆಟ್ರೋಲ್ ಮತ್ತು ಎಥೆನಾಲ್ ಎರಡನ್ನೂ ತಾಳುವ ಎಪಾಕ್ಸಿ ಅಂಟಿನಿಂದ ಮುಚ್ಚಬಹುದು. ಬೆಸುಗೆಯೇ ಬೇಕೆಂದರೆ ಟ್ಯಾಂಕನ್ನು ಹಬೆಯಿಂದ ಶುದ್ಧಗೊಳಿಸಿ, ಬೆಸುಗೆಯ ಜಾಗವೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ನೀರು ತುಂಬಿ, ಅಥವಾ ಒಳಗಿನ ಗಾಳಿಯನ್ನು ಹೊರದೂಡಿ ಸಾರಜನಕ ತುಂಬಿ, ಬಲ್ಲವರೇ ಮಾಡಬೇಕು. ಆದರೆ ಜೋಡಣೆಯ ಅಂಚಿನುದ್ದಕ್ಕೂ ತುಕ್ಕು ಹಿಡಿದಿದ್ದರೆ ಬೇರೆ ಮಾರ್ಗವಿಲ್ಲ. ತುಕ್ಕು ಒಳಗಿನಿಂದ ತಿನ್ನುತ್ತ ಬರುವುದರಿಂದ ಇಂದು ಒಂದು ತೂತು ಮುಚ್ಚಿದರೆ ನಾಳೆ ಪಕ್ಕದಲ್ಲಿ ಇನ್ನೊಂದು ತೆರೆಯುತ್ತದೆ. ಆಗ ಬದಲಾವಣೆಯೇ ಸರಿ.

ನನ್ನ ಟ್ಯಾಂಕು ಎರಡನೆಯ ಜಾತಿಯದು. ಆದರೆ ಹೊಸದನ್ನು ತರುವುದೆಲ್ಲಿಂದ? ಅಧಿಕೃತ ಸೇವಾ ಕೇಂದ್ರವೊಂದಕ್ಕೆ ಫೋನ್ ಮಾಡಿದರೆ, ಆ ಮಾದರಿಯ ಟ್ಯಾಂಕಿನ ಪೂರೈಕೆ ಎಂದೋ ನಿಂತಿದೆಯೆಂಬ ಉತ್ತರ ಬಂತು. ಕೊನೆಗೆ ಮಿಸ್ತ್ರಿಯೇ ಹುಬ್ಬಳ್ಳಿಯ ಗುಜರಿ ಅಂಗಡಿಯಿಂದ, ಅಪಘಾತದಲ್ಲಿ ಜಖಂಗೊಂಡ ಅದೇ ಮಾದರಿಯ ಕಾರಿನ ಟ್ಯಾಂಕು ತರಿಸಿ, ಗಾಳಿ ಹಾಯಿಸಿ ಸೋಪಿನ ನೊರೆಯಿಂದ ಪರೀಕ್ಷಿಸಿ ಕೂರಿಸಿದರು. ಎರಡು ದಿನ ರಾಣೆಬೆನ್ನೂರಿನ ನೆಂಟರ ಮನೆಯಲ್ಲಿ ಉಳಿದೆ. ಐನೂರರ ಬದಲು ನಾಲ್ಕು ಸಾವಿರ ಕೈಬಿಟ್ಟಿತು.

ಇಲ್ಲಿಂದ ಮುಂದಿನದು ನನ್ನೊಬ್ಬನ ಕಾರಿನ ಕಥೆಯಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ಆಮದು ತೈಲದ ಹೊರೆ ಇಳಿಸುವ, ರೈತನಿಗೆ ಮಾರುಕಟ್ಟೆ ಒದಗಿಸುವ ಈ ನೀತಿಯ ಉದ್ದೇಶಕ್ಕೆ ನನ್ನ ವಿರೋಧವಿಲ್ಲ. ಮೋಟೆಬೆನ್ನೂರಿನ ಸುತ್ತಲಿನ ಹೊಲಗಳಲ್ಲಿ ಬೆಳೆಯುವ ಗೋವಿನಜೋಳವೂ ಎಥೆನಾಲಿನ ಕಚ್ಚಾವಸ್ತುವೇ. ಆದರೆ 2,400 ರೂಪಾಯಿಯ ಬೆಂಬಲ ಬೆಲೆ ಕೈಗೆಟುಕದೆ ಈ ಸೀಮೆಯ ರೈತರು 2025ರ ನವೆಂಬರಿನಲ್ಲಿ ಬೀದಿಗಿಳಿಯಬೇಕಾಯಿತೆಂಬುದನ್ನೂ ಮರೆಯುವಂತಿಲ್ಲ.

ಎಥೆನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದು. ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ಕಾರಿನೊಳಗೆ ತೇವ ಸೇರಿ ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿದು ಉಕ್ಕಿನ ತಗಡನ್ನು ತಿನ್ನತೊಡಗುತ್ತವೆ. ನನ್ನ ಟ್ಯಾಂಕು ಇದರಿಂದಲೇ ತೂತಾಯಿತೆಂದು ನಾನು ಹೇಳಲಾರೆ. ಇಪ್ಪತ್ತೆರಡು ಮಳೆಗಾಲಗಳ ಕೆಸರೂ ಅದಕ್ಕೆ ಕಾರಣವಿರಬಹುದು. ಆದರೆ ಶೇ 20ರ ಮಿಶ್ರಣಕ್ಕೆಂದು ರೂಪಿಸದ ವಾಹನಗಳಲ್ಲಿ ರಬ್ಬರಿನ ಕೆಲವು ಭಾಗಗಳನ್ನು ಬದಲಾಯಿಸಬೇಕಾಗಬಹುದೆಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ. ಹಳೆಯ ಕಾರುಗಳ ಇಂಧನ ಕ್ಷಮತೆ ಶೇ 6ರಿಂದ 7ರಷ್ಟು ಕುಸಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಅಮೆರಿಕದಲ್ಲಿ ಶೇ 15ರ ಮಿಶ್ರಣವನ್ನು 2001ರ ಮತ್ತು ಅನಂತರದ ಕಾರುಗಳಿಗಷ್ಟೇ ಸಮ್ಮತಿಸಿ, ಪಂಪಿನ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಲಾಗಿದೆ. ನಮ್ಮಲ್ಲಿ ಎಥೆನಾಲ್ ಬೆರೆಯದ ಪೆಟ್ರೋಲಿನ ಆಯ್ಕೆ ಬೇಕೆಂದು ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಅಲ್ಲಿಗೆ ಆಯ್ಕೆಯ ಪ್ರಶ್ನೆ ಸದ್ಯಕ್ಕೆ ಮುಗಿದಂತೆ. ಉಳಿದಿರುವುದು ಬಿಡಿಭಾಗಗಳ ಪ್ರಶ್ನೆ.

ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಒಂದು ಕಾಲಕ್ಕೆ 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000ಕ್ಕೇರಿತು. ಜೊತೆಗೆ ಹಸಿರು ತೆರಿಗೆ. ಕಟ್ಟೋಣ, ತಪ್ಪೇನಿಲ್ಲ. ಆದರೆ "ಈ ಕಾರು ಇನ್ನೂ ಐದು ವರ್ಷ ಓಡಬಹುದು" ಎಂದು ಮುದ್ರೆಯೊತ್ತಿ ಹಣ ಪಡೆಯುವ ಸರ್ಕಾರ, ಅದು ಸುರಕ್ಷಿತವಾಗಿ ಓಡಲು ಬೇಕಾದ ಟ್ಯಾಂಕು, ಇಂಧನ ಕೊಳವೆ, ಬ್ರೇಕಿನ ಭಾಗಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆಯೇ ಎಂದು ವಿಚಾರಿಸುವುದು ಬೇಡವೇ?

ಬಿಡಿಭಾಗಗಳ ಮೇಲೆ ಕಾರು ತಯಾರಕರ ಹಿಡಿತ ಹೊಸ ದೂರಲ್ಲ. ಅಸಲಿ ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದೆ ಸ್ವತಂತ್ರ ಮೆಕ್ಯಾನಿಕ್‌ಗಳನ್ನು ಹೊರಗಿಟ್ಟ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ "ದುರಸ್ತಿಯ ಹಕ್ಕು" ಕುರಿತು ಸಮಿತಿ ರಚಿಸಿ ಜಾಲತಾಣವನ್ನೂ ತೆರೆಯಿತು. ಅದರ ಫಲ ಮೋಟೆಬೆನ್ನೂರಿನ ಗ್ಯಾರೇಜಿಗೆ ಇನ್ನೂ ತಲುಪಿದಂತೆ ಕಾಣಲಿಲ್ಲ.

ಹಳೆಯ ಕಾರುಗಳನ್ನು ಗುಜರಿಗೆ ಹಾಕುವುದೇ ಪರಿಹಾರವೆನ್ನುವವರಿದ್ದಾರೆ. ಹೊಗೆಯುಗುಳುವ, ಬ್ರೇಕು ಹಿಡಿಯದ ವಾಹನಗಳಿಗೆ ಆ ಮಾತು ಸರಿ. ಆದರೆ ಪಿಂಚಣಿದಾರರಿಗೆ, ಸಣ್ಣ ಊರಿನ ಶಿಕ್ಷಕರಿಗೆ, ವಾರಕ್ಕೊಮ್ಮೆ ಸಂತೆಗೆ ಹೋಗುವ ರೈತನಿಗೆ ಸುಸ್ಥಿತಿಯ ಹಳೆಯ ಕಾರು ಶೋಕಿಯಲ್ಲ, ಸಾಧನ. ಅದನ್ನು ಓಡಿಸಲು ಕಾನೂನೇ ಅನುಮತಿಸಿರುವಾಗ ಟ್ಯಾಂಕು ಸಿಗದಂತೆ ಮಾಡಿ ಹಿಂಬಾಗಿಲಿನಿಂದ ಗುಜರಿಗೆ ತಳ್ಳುವುದು ನ್ಯಾಯವಲ್ಲ. ದಶಕಗಟ್ಟಲೆ ದಾಸ್ತಾನು ಇಡುವುದು ದುಬಾರಿಯೆಂದು ತಯಾರಕರು ಹೇಳಬಹುದು. ಹಾಗಿದ್ದರೆ ಮಾದರಿಯೊಂದರ ತಯಾರಿಕೆ ನಿಂತು ಇಂತಿಷ್ಟು ವರ್ಷವಾದ ಮೇಲೆ ಸುರಕ್ಷತೆಗೆ ಸಂಬಂಧಿಸಿದ ಭಾಗಗಳ ನಕ್ಷೆಗಳನ್ನು ಸಣ್ಣ ಕೈಗಾರಿಕೆಗಳಿಗೆ ಬಿಟ್ಟುಕೊಡಲಿ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದಂಥ ಕೈಗಾರಿಕಾ ಪ್ರದೇಶಗಳಲ್ಲಿ ತಗಡು ಒತ್ತಿ ಟ್ಯಾಂಕು ಮಾಡುವ ಕೈಗಳಿಗೆ ಬರವಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ನೋಂದಣಿ ನವೀಕರಣದ ತಪಾಸಣೆಯಲ್ಲಿ ಹೊಗೆಯ ಜೊತೆಗೆ ಟ್ಯಾಂಕಿನ ತಳವನ್ನೂ ಬಗ್ಗಿ ನೋಡಲಿ. ನವೀಕರಣಕ್ಕೆ ಅವಕಾಶವಿರುವಷ್ಟು ಕಾಲ ಇಂಧನ ಮತ್ತು ಬ್ರೇಕಿನ ಭಾಗಗಳು ದೊರೆಯಬೇಕೆಂಬ ನಿಯಮ ಬರಲಿ. ಸಂಗ್ರಹವಾಗುವ ಶುಲ್ಕದ ಒಂದು ಪಾಲಿನಿಂದ ಐಟಿಐಗಳ ಮೂಲಕ ಹೆದ್ದಾರಿ ಬದಿಯ ಗ್ಯಾರೇಜುಗಳ ಹುಡುಗರಿಗೆ ಒಂದೆರಡು ದಿನದ ತರಬೇತಿ ಕೊಡಲಿ. ಖಾಲಿ ಟ್ಯಾಂಕಿಗೆ ಬೆಂಕಿ ತೋರಿಸಬಾರದೆಂಬ ಒಂದೇ ಪಾಠ ಕಲಿತರೂ ಆ ಖರ್ಚು ಸಾರ್ಥಕ.

ಓದುಗರಲ್ಲೂ ಒಂದು ಮಾತು. ಸೋರುವ ಟ್ಯಾಂಕಿಗೆ ಅರ್ಧ ತಾಸಿನ ಬೆಸುಗೆ ಹಾಕಿಕೊಡುತ್ತೇನೆಂದು ಯಾರಾದರೂ ಹೇಳಿದರೆ ದಯವಿಟ್ಟು ಬೇಡವೆನ್ನಿ. ಹೊರಡುವಾಗ ಆ ಹುಡುಗ, "ಅರ್ಧ ತಾಸಿನ್ಯಾಗ ಆಗೂ ಕೆಲಸಕ್ಕ ಎರಡ್ ದಿನ ಹಿಡೀತಲ್ರಿ ಸರ" ಎಂದು ಸಂಕೋಚದಿಂದ ನಕ್ಕ. ಅವನ ಎರಡೂ ಕೈಗಳು ನೆಟ್ಟಗಿದ್ದವು. ನಾನು ಹೆಚ್ಚು ಕೊಟ್ಟ ಮೂರೂವರೆ ಸಾವಿರ ಅದಕ್ಕೇ ಸಂದಿತೆಂದು ಲೆಕ್ಕ ಬರೆದುಕೊಂಡೆ.